ಆಟಿಗೆಂದು ತುಂಬಿಟ್ಟ ಬ್ಯಾಟರಿ

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಬ್ಯಾಟರಿ ಹೇಗೆ ತುಂಬುತ್ತದೆ, ಹೇಗೆ ಖಾಲಿಯಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಅಂಥವನ ಕೈಗೆ ನಿವೃತ್ತಿಯಾದ ಮೇಲೆ ಒಂದು ನಿಜವಾದ ಬ್ಯಾಟರಿ ಬಂತು. ಒಂದೇ ಬೇಸಗೆಯಲ್ಲಿ ಅದನ್ನು ಹಾಳು ಮಾಡಿದೆ. ಬ್ಯಾಟರಿ ಒಂದೇ ಹಾಳಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ, ಹೆಂಡತಿಯಿಂದ ಬೈಸಿಕೊಂಡದ್ದಷ್ಟೇ ಸಾಕಾಗುತ್ತಿತ್ತು.

ನಾವಿರುವುದು ಮಂಗಳೂರಿನ ಅತ್ತಾವರದ ಒಂದು ಹಳೆಯ ಫ್ಲ್ಯಾಟಿನಲ್ಲಿ. ನಾಲ್ಕು ಮಹಡಿ, ಒಂದು ಲಿಫ್ಟು, ಒಂದು ಅಸೋಸಿಯೇಷನ್ನು. ಅಸೋಸಿಯೇಷನ್ನಿನ ಕಾರ್ಯದರ್ಶಿ ನಾನು. ಆರಿಸಿ ಬಂದದ್ದಲ್ಲ, ಸಭೆಯ ದಿನ ನಾನು ಕೈತೊಳೆಯಲು ಹೋಗಿದ್ದಾಗ ಉಳಿದವರು ನನ್ನನ್ನು ಮಾಡಿಬಿಟ್ಟಿದ್ದರು. ಹಿಂತಿರುಗಿ ಬಂದವನಿಗೆ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನನ್ನಂಥವರು ಬೇಡ ಎನ್ನುವುದುಂಟೇ?

ಲಿಫ್ಟಿಗಿದ್ದ ಡೀಸೆಲ್ ಜನರೇಟರು ಕೆಮ್ಮಿ ಕೆಮ್ಮಿ ಗುಜರಿಗೆ ಹೋದ ಮೇಲೆ, ಚಾವಣಿಗೆ ಸೋಲಾರ್ ಹಾಕಿಸಿ ಕೆಳಗಿನ ಕೋಣೆಯಲ್ಲಿ ದೊಡ್ಡದೊಂದು ಲಿಥಿಯಂ ಬ್ಯಾಟರಿ ಇಡಿಸಿದೆವು. ಕಪಾಟಿನಷ್ಟು ಎತ್ತರದ್ದು, ಮುಖದ ಮೇಲೆ ಒಂದು ಹಸಿರು ದೀಪ. ಅದನ್ನು ಜೋಡಿಸಲು ಬಂದದ್ದು ಒಬ್ಬಳು ಎಂಜಿನಿಯರ್ ಹುಡುಗಿ. ನನ್ನ ಕಾಲೇಜಿನವಳಲ್ಲ, ದೇವರು ದೊಡ್ಡವನು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಅವಳು ಹೇಳಿದಳು:

"ಸರ್, ಮಧ್ಯಾಹ್ನ ಇದು ಬಿಸಿಲಿಂದ ತುಂಬ್ತದೆ. ಸಂಜೆ ಆರಕ್ಕೆ ಲಿಫ್ಟು, ಪಂಪು, ಮೆಟ್ಟಿಲಿನ ಲೈಟು ಎಲ್ಲ ಇದರಿಂದಲೇ ಓಡ್ತದೆ. ರಾತ್ರಿಗೆ ಹೆಚ್ಚುಕಡಿಮೆ ಖಾಲಿ. ದಿನಾ ಹೀಗೇ ಆಗ್ಬೇಕು."

"ಖಾಲಿಯಾ?" ಎಂದೆ ನಾನು. ಅವಳು ಉಳಿದದ್ದೆಲ್ಲ ಹೇಳುತ್ತಿದ್ದರೂ ನನ್ನ ಕಿವಿ ಆ ಒಂದು ಮಾತಿನಲ್ಲೇ ನಿಂತುಬಿಟ್ಟಿತ್ತು.

"ಹೌದು ಸರ್. ಈಗ ಎಲ್ಲ ಕಡೆ ಸೋಲಾರ್ ಬಂದು ಮಧ್ಯಾಹ್ನ ಕರೆಂಟು ಬೇಕಾದಷ್ಟು ಉಂಟು, ಸಂಜೆ ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಎಳೆಯೋದು. ಮಧ್ಯಾಹ್ನದ್ದನ್ನು ಸಂಜೆಗೆ ದಾಟಿಸುವವರು ಯಾರಾದರೂ ಬೇಕಲ್ಲ? ಅದು ಈ ಬ್ಯಾಟರಿಯ ಕೆಲಸ."

"ಗೊತ್ತುಂಟು ಮಗಳೇ, ನಾನು ಫಿಸಿಕ್ಸ್ ಲೆಕ್ಚರರ್," ಎಂದೆ. ಅಲ್ಲಿಗೆ ಅವಳ ಬಾಯಿ ಮುಚ್ಚಿತು. ಹಾಗೆ ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ನಾನು.

ಈಗ ನಮ್ಮ ತುಳುವರ ಒಂದು ಗುಣ ಹೇಳಬೇಕು. ನಮಗೆ ಆಷಾಢದ ಹೊತ್ತಿಗೆ ಬರುವ ತಿಂಗಳು ಆಟಿ. ಹಿಂದೆ ಆ ತಿಂಗಳಲ್ಲಿ ಮಳೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಗದ್ದೆಯಲ್ಲಿ ಬೆಳೆಯಿಲ್ಲ, ಕಡಲಿನಲ್ಲಿ ದೋಣಿಯಿಲ್ಲ. ಹಾಗಾಗಿ ಬೇಸಗೆಯಲ್ಲೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ, ಮಾವಿನಕಾಯಿಯನ್ನು ಭರಣಿಯಲ್ಲಿ ಮುಳುಗಿಸಿ, ಹಪ್ಪಳ ಒಣಗಿಸಿ, ಎಲ್ಲವನ್ನೂ ಆಟಿಗೆಂದು ತೆಗೆದಿಡುವುದು. ನಮ್ಮಮ್ಮ ಪೇಟೆಗೆ ಬಂದು ಅಂಗಡಿಯ ಪಕ್ಕದಲ್ಲೇ ಮನೆ ಮಾಡಿದ ಮೇಲೂ "ಆಟಿಗ್ ಇಪ್ಪಡ್" ಎನ್ನುವುದನ್ನು ಬಿಡಲಿಲ್ಲ. ಆಟಿಗಿರಲಿ. ಹೊಸ ಕೊಡೆ ಆಟಿಗಿರಲಿ, ಒಳ್ಳೆಯ ಕಂಬಳಿ ಆಟಿಗಿರಲಿ. ಆಟಿ ಬಂದು ಹೋದರೂ ಅವು ಹೊರಗೆ ಬರುತ್ತಿರಲಿಲ್ಲ, ಏಕೆಂದರೆ ಮುಂದಿನ ವರ್ಷವೂ ಒಂದು ಆಟಿ ಇರುತ್ತದಲ್ಲ! ನಾನು ಆ ತಾಯಿಯ ಮಗ. ತುಂಬಿದ ಪಾತ್ರೆ ಕಂಡರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಎಂಜಿನಿಯರ್ ಹುಡುಗಿ ಗೇಟು ದಾಟಿದ ಮಾರನೆಯ ದಿನವೇ ನಾನು ಮೊಬೈಲಿನ ಆ್ಯಪಿಗೆ ಹೋಗಿ, ಸಂಜೆ ಬ್ಯಾಟರಿ ಖರ್ಚಾಗುವ ಏರ್ಪಾಡನ್ನು ತೆಗೆದುಹಾಕಿದೆ. ಕಾಯ್ದಿಡಬೇಕಾದ ಪ್ರಮಾಣ ಎಷ್ಟು ಎಂದು ಅದು ಕೇಳಿತು. ನೂರಕ್ಕೆ ನೂರು ಎಂದು ಒತ್ತಿದೆ. ಕರೆಂಟು ಹೋದಾಗಲೂ ನಾನಾಗಿ ಸ್ವಿಚ್ಚು ತಿರುಗಿಸಿದರೆ ಮಾತ್ರ ಲಿಫ್ಟು ಬ್ಯಾಟರಿಯಲ್ಲಿ ಓಡಬೇಕು ಎಂದು ಮಾಡಿ, ಆ ಸ್ವಿಚ್ಚಿನ ಬೀಗದ ಕೈಯನ್ನು ನಮ್ಮ ದೇವರ ಕೋಣೆಯ ಮೊಳೆಗೆ ನೇತುಹಾಕಿದೆ. "ಬ್ಯಾಟರಿ ತುರ್ತು ಸಂದರ್ಭಕ್ಕೆ ಮಾತ್ರ" ಎಂದು ನೋಟಿಸು ಬರೆದು ಲಿಫ್ಟಿನ ಒಳಗೆ ಅಂಟಿಸಿದೆ. ಲಿಫ್ಟು ನಿಂತಾಗ ಲಿಫ್ಟಿನ ಒಳಗಿನ ನೋಟಿಸನ್ನು ಯಾರು ಓದಬೇಕು ಎಂಬ ಪ್ರಶ್ನೆ ನನಗೆ ಬರಲಿಲ್ಲ.

ದಿನಾ ಬೆಳಿಗ್ಗೆ ಎದ್ದು ಮೊದಲು ಆ್ಯಪು ನೋಡುತ್ತಿದ್ದೆ. ನೂರು. ಮಧ್ಯಾಹ್ನ ನೋಡಿದರೂ ನೂರು. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ನಾನು ಕೊಡದ ಅಂಕ ಅದು. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿದೆ. ಬ್ಯಾಟರಿ ತುಂಬಿದ್ದರಿಂದ ಚಾವಣಿಯ ಬಿಸಿಲಿನ ಕರೆಂಟು ಮಧ್ಯಾಹ್ನ ಬೀದಿಯ ಲೈನಿಗೆ ಹೋಗುತ್ತಿತ್ತು, ಯಾರಿಗೂ ಅಷ್ಟು ಬೇಡದ ಹೊತ್ತಿನಲ್ಲಿ. ಸಂಜೆ ಎಲ್ಲರಿಗೂ ಬೇಕಾದ ಹೊತ್ತಿನಲ್ಲಿ ನಾವೂ ಎಲ್ಲರ ಜೊತೆ ಲೈನಿನಿಂದ ಎಳೆಯುತ್ತಿದ್ದೆವು. ನನ್ನ ಹೆಂಡತಿ ಒಂದು ದಿನ ಕೇಳಿಯೇ ಬಿಟ್ಟಳು: "ನಿಮ್ಮ ಮಂಡೆ ಸಮ ಉಂಟಾ? ಉಪಯೋಗಿಸ್ಲಿಕ್ಕಿಲ್ಲದಿದ್ರೆ ತಂದದ್ದು ಎಂತಕ್ಕೆ, ಪೂಜೆ ಮಾಡ್ಲಿಕ್ಕಾ?"

"ಮಳೆಗಾಲ ಬರ್ಲಿ, ಆಗ ಗೊತ್ತಾಗ್ತದೆ," ಎಂದೆ.

ನಾಲ್ಕನೆಯ ಮಹಡಿಯಲ್ಲಿ ಸಿಸ್ಟರ್ ಇದ್ದರು. ಗಲ್ಫಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿದ್ದು ಊರಿಗೆ ಮರಳಿದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಒಬ್ಬರೇ ಇರುತ್ತಿದ್ದರು. ಇಡೀ ಫ್ಲ್ಯಾಟಿಗೆ ಅವರು ಸಿಸ್ಟರ್. ನನ್ನ ಬಿ.ಪಿ. ನೋಡುವವರೂ ಅವರೇ, ಉಪ್ಪಿನಕಾಯಿ ತಿಂದಿದ್ದೇನೆ ಎಂದು ಕಂಡುಹಿಡಿದು ಬೈಯುವವರೂ ಅವರೇ. ಪ್ರತಿ ಶನಿವಾರ ಅವರು ಎರಡು ಬಸ್ಸು ಬದಲಿಸಿ ಪಣಂಬೂರಿನ ಹತ್ತಿರವಿದ್ದ ತಂಗಿಯ ಮನೆಗೆ ಹೋಗುತ್ತಿದ್ದರು. ರಿಕ್ಷಾ ಮಾಡಬಹುದಲ್ಲ ಎಂದರೆ ಅವರಿಗೆ ಅವಮಾನ. "ನನಗೆ ಬಸ್ಸು ಹತ್ತಲಿಕ್ಕೆ ಬರ್ತದೆ ಮಾರಾಯ್ರೆ. ರಿಕ್ಷಾ ಪೇಷಂಟುಗಳಿಗೆ."

ಬೇಸಗೆಯ ಆರಂಭದಲ್ಲಿ ಸಿಸ್ಟರ್ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡರು. ಹೊಸ ಕೀಲು ಹಾಕಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಇನ್ನು ಮೂರು ನಾಲ್ಕು ತಿಂಗಳು ದಿನಾ ಸಮತಟ್ಟಾದ ನೆಲದಲ್ಲಿ ನಡೆಯಬೇಕು, ಮೆಟ್ಟಿಲು ಒಂದೊಂದೇ ಅಭ್ಯಾಸ ಮಾಡಬೇಕು, ಈ ತಿಂಗಳುಗಳಲ್ಲಿ ಎಷ್ಟು ಬಗ್ಗಿತೋ ಅಷ್ಟೇ ಮುಂದೆಯೂ ಬಗ್ಗುವುದು ಎಂದು ಡಾಕ್ಟರು ಹೇಳಿದ್ದರು. ಸಿಸ್ಟರ್ ನನಗೆ ಇದನ್ನು ಹೇಳಿದ್ದು ಬಿ.ಪಿ. ಪಟ್ಟಿ ಬಿಗಿಯುತ್ತಾ. "ನನಗೆ ಡ್ಯಾನ್ಸು ಮಾಡ್ಲಿಕ್ಕಿಲ್ಲ. ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಲಿಕ್ಕೆ ಆದ್ರೆ ಸಾಕು." ನಮ್ಮೂರಿನ ಸಿಟಿ ಬಸ್ಸಿನ ಮೆಟ್ಟಿಲು ಕಂಡವರಿಗೆ ಅದು ಸಣ್ಣ ಆಸೆಯಲ್ಲ ಎಂದು ಗೊತ್ತು.

ಬೆಳಿಗ್ಗೆ ಅವರ ಕಾಲು ಮರದ ಹಾಗೆ ಇರುತ್ತಿತ್ತು. ಬಿಸಿನೀರು, ಎಣ್ಣೆ, ವ್ಯಾಯಾಮ ಎಂದು ಅದು ಸ್ವಲ್ಪ ಬಗ್ಗುವಷ್ಟರಲ್ಲಿ ಹೊರಗೆ ಬೆಂಕಿಯಂಥ ಬಿಸಿಲು. ಹಾಗಾಗಿ ಅವರಿಗಿದ್ದದ್ದು ಸಂಜೆ. ಐದೂವರೆಗೆ ಲಿಫ್ಟಿನಲ್ಲಿ ಇಳಿದು ಕಂಪೌಂಡಿನಲ್ಲಿ ಎಂಟು ಹತ್ತು ಸುತ್ತು ಹಾಕಿ, ಗೇಟಿನ ಪಕ್ಕದ ಮೂರು ಮೆಟ್ಟಿಲು ಹತ್ತಿ ಇಳಿದು ಮೇಲೆ ಹೋಗುವುದು. ನಾಲ್ಕೈದು ದಿನ ಸರಿಯಾಗಿ ನಡೆಯಿತು. ಆಮೇಲೆ ನಮ್ಮ ಬೀದಿಯಲ್ಲಿ ಸಂಜೆಯ ಕರೆಂಟು ಹೋಗತೊಡಗಿತು. ಎಲ್ಲ ಮನೆಯ ಏಸಿ ಒಟ್ಟಿಗೆ ಓಡಿದರೆ ಟ್ರಾನ್ಸ್‌ಫಾರ್ಮರು ತಡೆಯುವುದಿಲ್ಲ. ಆರಕ್ಕೆ ಹೋದದ್ದು ಬರುವಾಗ ಎಂಟು.

ಮೊದಲ ದಿನ ಸಿಸ್ಟರ್ ಕೆಳಗೆ ಸಿಕ್ಕಿಬಿದ್ದರು. ಎರಡು ಗಂಟೆ ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಸೊಳ್ಳೆ ಹೊಡೆದರು. ಎರಡನೆಯ ದಿನವೂ ಹಾಗೇ ಆದಾಗ ನನಗೆ ಫೋನು ಮಾಡಿದರು.

"ಸರ್, ಬ್ಯಾಟರಿ ಉಂಟಲ್ಲ, ಲಿಫ್ಟು ಒಮ್ಮೆ ಬಿಡಿ. ಒಂದೇ ಸಲ ಮೇಲೆ ಹೋಗ್ಲಿಕ್ಕೆ."

ನಾನು ಕೆಳಗಿಳಿದು ಹೋದೆ. ಬೀಗದ ಕೈ ತೆಗೆದುಕೊಂಡು ಅಲ್ಲ, ವಿವರಣೆ ತೆಗೆದುಕೊಂಡು. ಇವತ್ತು ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಾಗ ಏನು ಮಾಡುವುದು, ಇದು ತುರ್ತು ಸಂದರ್ಭ ಹೌದೋ ಅಲ್ಲವೋ ನೀವೇ ಹೇಳಿ ಎಂದೆ. ಸೊಳ್ಳೆ ಕಚ್ಚಿಸಿಕೊಳ್ಳುತ್ತಿದ್ದ ಹೆಂಗಸನ್ನೇ ನ್ಯಾಯಾಧೀಶೆ ಮಾಡಿದ ಮಹಾನುಭಾವ ನಾನು.

"ತುರ್ತು ಅಂದ್ರೆ ಎಂತ ಸರ್, ನಾನು ಸಾಯ್ಬೇಕಾ?" ಎಂದು ಸಿಸ್ಟರ್ ನಕ್ಕರು. ನಾನೂ ನಕ್ಕೆ. ಎಂಟಕ್ಕೆ ಕರೆಂಟು ಬಂತು, ಅವರು ಮೇಲೆ ಹೋದರು.

ಆಮೇಲೆ ಅವರು ಸಂಜೆ ಇಳಿಯುವುದನ್ನು ಬಿಟ್ಟರು. ಕೆಲವು ವಾರದ ನಂತರ ಬಿ.ಪಿ. ನೋಡಿಸಲು ಹೋದಾಗ ಅವರು ಇನ್ನೊಮ್ಮೆ ಕೇಳಿದರು. ಈ ಸಲ ನಗಲಿಲ್ಲ. "ದಿನಕ್ಕೆ ಎರಡು ಸಲ ಲಿಫ್ಟು. ಇಳೀಲಿಕ್ಕೆ ಒಂದು, ಹತ್ತಲಿಕ್ಕೆ ಒಂದು. ಅಷ್ಟಕ್ಕೆ ನಿಮ್ಮ ಬ್ಯಾಟರಿ ಖಾಲಿ ಆಗ್ತದಾ? ನೀವು ಲೆಕ್ಕದವರು, ಹೇಳಿ."

ಆಗುವುದಿಲ್ಲ. ನನಗೆ ಗೊತ್ತಿತ್ತು. ಆದರೆ ನೂರು ಎಂಬುದು ತೊಂಬತ್ತೆಂಟಾಗುತ್ತದಲ್ಲ! ಅದನ್ನು ಹೇಳಲು ನಾಚಿಕೆಯಾಗಿ, "ಕಾರಿಡಾರಿನಲ್ಲಿ ನಡೀಬಹುದಲ್ಲ ಸಿಸ್ಟರ್?" ಎಂದೆ. ನಾಲ್ಕನೆಯ ಮಹಡಿಯ ಕಾರಿಡಾರು ಹನ್ನೆರಡು ಹೆಜ್ಜೆ. ಅದರಲ್ಲಿ ಎರಡು ಚಪ್ಪಲಿ ಸ್ಟ್ಯಾಂಡು, ಒಂದು ಸೈಕಲ್ಲು, ಯಾರದ್ದೋ ತುಳಸಿಕಟ್ಟೆ. ಸಿಸ್ಟರ್ ಬಿ.ಪಿ. ಯಂತ್ರವನ್ನು ಮಡಚಿಟ್ಟು, "ಆಯ್ತು, ಹೋಗಿ," ಎಂದರು. ಅವತ್ತು ನನ್ನ ಬಿ.ಪಿ. ಎಷ್ಟಿತ್ತು ಎಂದು ಅವರು ಹೇಳಲಿಲ್ಲ.

ಮಳೆ ಹಿಡಿಯಿತು. ಆಟಿ ಬಂತು. ಒಂದು ಮಧ್ಯಾಹ್ನ ಗಾಳಿಗೆ ಮರ ಉರುಳಿ ತಂತಿಯ ಮೇಲೆ ಬಿದ್ದು ಇಡೀ ಬೀದಿಯ ಕರೆಂಟು ಹೋಯಿತು. ನನ್ನ ಸಂತೋಷವನ್ನು ಏನೆಂದು ಹೇಳಲಿ! ಮರ ಬಿದ್ದುದಕ್ಕೆ ಅಷ್ಟು ಖುಷಿಪಟ್ಟವನು ಮಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀಗದ ಕೈ ಹಿಡಿದು ಕೆಳಗೆ ಹೋಗಿ ಸ್ವಿಚ್ಚು ತಿರುಗಿಸಿದೆ. ಮೆಟ್ಟಿಲಿನ ದೀಪಗಳು ಹತ್ತಿದವು. ಲಿಫ್ಟು ಗುಂಯ್ ಎಂದಿತು. ನೇರ ನಾಲ್ಕನೆಯ ಮಹಡಿಗೆ ಹೋಗಿ ಸಿಸ್ಟರ್ ಮನೆಯ ಬೆಲ್ಲು ಒತ್ತಿದೆ. ಕರೆಂಟು ಇಲ್ಲದ ಬೆಲ್ಲು ಹೊಡೆಯಲಿಲ್ಲ, ಬಾಗಿಲು ತಟ್ಟಿದೆ.

"ಬನ್ನಿ ಸಿಸ್ಟರ್, ಲಿಫ್ಟು ಉಂಟು! ನಾನು ಹೇಳಿರ್ಲಿಲ್ವಾ?"

"ಈ ಮಳೆಗೆ ನಾನು ಎಲ್ಲಿಗೆ ಹೋಗ್ಲಿ?" ಎಂದರು ಅವರು. ನಾನು ಬಿಡಲಿಲ್ಲ. ಕೆಳಗೆ ಬನ್ನಿ, ಪೋರ್ಟಿಕೋದಲ್ಲಿ ನಡೆಯಿರಿ, ಇಡೀ ಸಂಜೆ ನಿಮ್ಮದೇ ಎಂದೆ. ನನ್ನ ಮುಖ ನೋಡಿ ಪಾಪ ಎನಿಸಿರಬೇಕು, ಕೋಲು ಹಿಡಿದು ಬಂದರು. ಲಿಫ್ಟಿನೊಳಗೆ ನಾನು ಮೊಬೈಲು ತೆರೆದು ತೋರಿಸಿದೆ. ನೂರು. "ನೋಡಿ, ನಾಲ್ಕು ತಿಂಗಳು ಒಂದು ಹನಿ ಮುಟ್ಟಲಿಲ್ಲ," ಎಂದೆ. ಲಿಫ್ಟು ಇಳಿಯತೊಡಗಿತು. ತೊಂಬತ್ತೇಳು ಎಂದು ಕಂಡಿತು. ಆಮೇಲೆ ಟಕ್ ಎಂದು ಕತ್ತಲೆ.

ಮೂರನೆಯ ಮಹಡಿಯನ್ನು ಅರ್ಧ ದಾಟಿ ನಿಂತಿದ್ದೆವು. ವಾಚ್‌ಮನ್ ಬಂದು ಹೊರಗಿನಿಂದ ಕೀಲಿ ತಿರುಗಿಸಿ ಬಾಗಿಲು ಸರಿಸಿದ. ಮೂರನೆಯ ಮಹಡಿಯ ನೆಲ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲಿತ್ತು. ಲಿಫ್ಟಿನ ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ ಅವನು ನಂತೂರಿನ ಸರ್ಕಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದ. ನಾನು ಮೊದಲು ಹತ್ತಿದೆ. ಹತ್ತಿದೆ ಎನ್ನುವುದು ದೊಡ್ಡ ಮಾತು, ವಾಚ್‌ಮನ್ ನನ್ನ ಅಂಗಿ ಹಿಡಿದೆಳೆದ. ಇಸ್ತ್ರಿಯ ಕತೆ ಅಲ್ಲಿಗೆ ಮುಗಿಯಿತು.

ಇನ್ನು ಸಿಸ್ಟರ್. ನನ್ನ ಹೆಂಡತಿ ಮೇಲಿನಿಂದ ಒಂದು ಸ್ಟೂಲು ಇಳಿಸಿದಳು. ಸ್ಟೂಲಿನ ಮೇಲೆ ಕಾಲಿಟ್ಟರೆ ಸಾಕು, ಉಳಿದದ್ದು ನಾವು ಎಳೆಯುತ್ತೇವೆ. ಸಿಸ್ಟರ್ ಗೋಡೆ ಹಿಡಿದು ಕಾಲೆತ್ತಲು ನೋಡಿದರು. ಮೊಣಕಾಲು ಬಗ್ಗಲಿಲ್ಲ. ಪುನಃ ನೋಡಿದರು. ಒಂದು ಸಣ್ಣ ಕೂಗು ಬಂತು, ಅದನ್ನು ಅವರು ತುಟಿ ಕಚ್ಚಿ ಅಲ್ಲೇ ನುಂಗಿದರು. ಟಾರ್ಚಿನ ಬೆಳಕಿನಲ್ಲಿ ನಾನು ಆ ಕಾಲನ್ನು ನೋಡಿದೆ. ಹೊಸ ಕೀಲು ಒಳಗಿತ್ತು, ಡಾಕ್ಟರ ಕೆಲಸದಲ್ಲಿ ತಪ್ಪಿರಲಿಲ್ಲ. ಕಾಲು ಮಾತ್ರ ಕಂಬದ ಹಾಗೆ ನಿಂತಿತ್ತು.

ಕೊನೆಗೆ ದಾರಿ ಕಂಡುಹಿಡಿದದ್ದೂ ಅವರೇ. "ಬೆಡ್‌ಶೀಟು ತನ್ನಿ. ಪೇಷಂಟನ್ನು ಎತ್ತುವ ಕ್ರಮ ನಿಮಗೆ ಯಾರಿಗೂ ಗೊತ್ತಿಲ್ಲ," ಎಂದು ಗದರಿದರು. ಸ್ಟೂಲಿನ ಮೇಲೆ ಬೆನ್ನು ಹಾಕಿ ಕುಳಿತು, ಬೆನ್ನಿನ ಸುತ್ತ ಬೆಡ್‌ಶೀಟು ಹಾಕಿಸಿ, "ಈಗ ಎಳೀರಿ, ಒಟ್ಟಿಗೆ, ನಾನು ಮೂರು ಹೇಳಿದ ಮೇಲೆ," ಎಂದರು. ನಾನು ಎರಡಕ್ಕೇ ಎಳೆದೆ. ಅದಕ್ಕೂ ಬೈಸಿಕೊಂಡೆ.

ಎರಡು ದಿನ ಬಿಟ್ಟು ಎಂಜಿನಿಯರ್ ಹುಡುಗಿ ಬಂದು ಬ್ಯಾಟರಿಯ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ನಾನು ಅಪರಾಧಿಯಂತೆ ಪಕ್ಕದಲ್ಲಿ ನಿಂತಿದ್ದೆ.

"ಸರ್, ಇದು ಒಂದು ದಿನವೂ ಖರ್ಚಾಗಲಿಲ್ಲ. ಬೇಸಗೆ ಪೂರ್ತಿ ಈ ಸೆಕೆಯ ಕೋಣೆಯಲ್ಲಿ ಫುಲ್ ಆಗಿಯೇ ಕೂತಿತ್ತು. ಹಾಗೆ ಇಟ್ರೆ ಸೆಲ್‌ಗಳು ಬೇಗ ಮುದುಕ ಆಗ್ತವೆ. ಒಂದೊಂದು ಸೆಲ್ ಒಂದೊಂದು ರೀತಿ ಆಗ್ತದೆ. ವೀಕ್ ಇದ್ದದ್ದು ಒಂದು, ಲೋಡು ಬಿದ್ದ ಕೂಡಲೇ ಕುಸಿದಿದೆ, ಸೇಫ್ಟಿಗೆ ಎಲ್ಲ ಆಫ್ ಆಗಿದೆ."

"ನೂರು ತೋರಿಸ್ತಿತ್ತಲ್ಲ?"

"ಅದು ಅಂದಾಜು ಸರ್. ಚಾರ್ಜು ಇಳಿದು ಹತ್ತಿದ್ರೆ ಮಾತ್ರ ಅದಕ್ಕೂ ತನ್ನಲ್ಲಿ ಎಷ್ಟುಂಟು ಅಂತ ಗೊತ್ತಾಗೋದು." ಅವಳು ತಲೆಯೆತ್ತದೆಯೇ ಹೇಳಿದಳು, "ಮತ್ತೆ ಸಂಜೆ ಈ ಬಿಲ್ಡಿಂಗಿನ ಪಂಪು, ಲಿಫ್ಟು, ಲೈಟು ಎಲ್ಲ ಲೈನಿಂದಲೇ ಎಳೀತಿತ್ತು. ಟ್ರಾನ್ಸ್‌ಫಾರ್ಮರ್ ಬೀಳ್ಲಿಕ್ಕೆ ನಿಮ್ಮದೂ ಒಂದು ಪಾಲು ಉಂಟು."

ಅಂದರೆ ಯಾವ ಕತ್ತಲೆಗೆ ಹೆದರಿ ನಾನು ಕಾಯ್ದಿಟ್ಟೆನೋ ಆ ಕತ್ತಲೆಗೆ ದಿನಾ ಸಂಜೆ ನಾನೇ ಕೈ ಜೋಡಿಸುತ್ತಿದ್ದೆ. ಇದನ್ನು ನನಗೆ ಹೇಳಿಕೊಡಲು ನನ್ನ ಮಗಳ ವಯಸ್ಸಿನವಳು ಬೇಕಾಯಿತು. ಆ ಭಾನುವಾರದ ಸಭೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡು ರಾಜೀನಾಮೆ ಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ. ನನ್ನ ಮೇಲಿನ ಗೌರವದಿಂದಲ್ಲ; ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು.

ಕೆಟ್ಟ ಸೆಲ್‌ಗಳನ್ನು ಬದಲಿಸಿದರು. ಈಗ ಬ್ಯಾಟರಿ ಮಧ್ಯಾಹ್ನ ತುಂಬುತ್ತದೆ, ಸಂಜೆ ಖಾಲಿಯಾಗುತ್ತದೆ. ಬೀಗದ ಕೈ ವಾಚ್‌ಮನ್ನನ ಹತ್ತಿರ. ಸಿಸ್ಟರ್ ದಿನಾ ಐದೂವರೆಗೆ ಇಳಿಯುತ್ತಾರೆ, ಸುತ್ತು ಹಾಕುತ್ತಾರೆ. ನಾನೂ ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಡೆಯುತ್ತೇನೆ, ನಡಿಗೆ ನನಗೂ ಒಳ್ಳೆಯದು ಎಂಬ ನೆಪದಲ್ಲಿ. ಫಿಸಿಯೋಥೆರಪಿಯವನು ಬಂದು ಕಾಲನ್ನು ಒತ್ತಿ, ಮಡಚಿ, ಅಳತೆ ತೆಗೆದು, "ಸ್ವಲ್ಪ ಸುಧಾರಿಸಬಹುದು," ಎಂದ. ಎಷ್ಟು ಸ್ವಲ್ಪ ಎಂದು ಸಿಸ್ಟರ್ ಕೇಳಲಿಲ್ಲ. ಅವರು ಅಂಥ ಮಾತನ್ನು ಬೇರೆಯವರಿಗೆ ಎಷ್ಟೋ ವರ್ಷ ಹೇಳಿದವರು.

ಮಳೆ ಬಿಟ್ಟ ಮೇಲೆ ಒಂದು ಶನಿವಾರ ಅವರು ಸೀರೆಯುಟ್ಟು, ಚೀಲ ಹಿಡಿದು ಇಳಿದು ಬಂದರು. "ಬಸ್‌ಸ್ಟಾಪಿಗೆ ಬರ್ತೀರಾ?" ಎಂದರು. ಹೋದೆವು. ಬಸ್ಸು ಬಂತು. ಕಂಡಕ್ಟರು ಬಾಗಿಲಿನಲ್ಲಿ ನೇತಾಡುತ್ತಾ ಸೀಟಿ ಬಾಯಿಗಿಟ್ಟುಕೊಂಡೇ, "ಬೇಗ ಬೇಗ ಅಮ್ಮಾ," ಎಂದ. ಸಿಸ್ಟರ್ ಎರಡೂ ಕೈಯಲ್ಲಿ ಕಂಬಿ ಹಿಡಿದರು. ಕಾಲೆತ್ತಿದರು. ಪಾದ ಮೆಟ್ಟಿಲಿನ ಅಂಚಿಗೆ ತಾಗಿತು, ಮೇಲೆ ಬರಲಿಲ್ಲ. ಇನ್ನೊಮ್ಮೆ ಎತ್ತಿದರು. ಬಸ್ಸಿನೊಳಗಿನವರೆಲ್ಲ ನೋಡುತ್ತಿದ್ದರು. ನಾನು ಹಿಂದಿನಿಂದ ಹಿಡಿಯಲು ಹೋದೆ. "ಮುಟ್ಬೇಡಿ," ಎಂದರು ಸಿಸ್ಟರ್. ಕಂಬಿ ಬಿಟ್ಟು ಅವರೇ ಹಿಂದೆ ಸರಿದರು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು.

ನಾನು ರಿಕ್ಷಾ ನಿಲ್ಲಿಸಿದೆ. ಅವರು ಕಾಲನ್ನು ಅಡ್ಡ ಚಾಚಿ ಹೇಗೋ ಕುಳಿತರು. "ಸಿಸ್ಟರ್, ನನಗೆ ತುಂಬಾ ಬೇಜಾರಾಗ್ತದೆ," ಎಂದೆ.

"ಆಗ್ಬೇಕು," ಎಂದರು ಅವರು. ಜಗಳದ ದನಿಯಲ್ಲಿ ಅಲ್ಲ, ಬಿ.ಪಿ. ಎಷ್ಟಿದೆ ಎಂದು ಹೇಳುವ ದನಿಯಲ್ಲಿ. "ಇಲ್ಲ ಅಂತ ಇದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ಇತ್ತು. ಇಟ್ಕೊಂಡು ಇಲ್ಲ ಅಂದ್ರಿ."

ರಿಕ್ಷಾದವನು ಎಲ್ಲಿಗೆ ಎಂದು ಕೇಳಿದ. ಪಣಂಬೂರಿಗೆ ಎಂದರು. ನಾನು ಪಕ್ಕದಲ್ಲಿ ಕುಳಿತುಕೊಳ್ಳಲೇ ಎಂದು ಕೇಳುವ ಮೊದಲೇ ಅವರು ಚೀಲವನ್ನು ಖಾಲಿ ಜಾಗದಲ್ಲಿ ಇಟ್ಟರು.